ಬಿಡಿ ಸಂಚಿಕೆ, ಸಂಕಲನ, ಡಿಜಿಟಲ್, ಹಳೆಯ ಪೆಟ್ಟಿಗೆ: ಬೆಲೆ ಏರಿದ ಮೇಲೆ ಕಾಮಿಕ್ಸ್ ಕೊಳ್ಳುವ ದಾರಿಗಳ ಹೋಲಿಕೆ

ಅಮೆರಿಕದ ಮಾಸಿಕ ಕಾಮಿಕ್ಸ್‌ನ ಮುಖಬೆಲೆ 1930ರ ದಶಕದ ಕೊನೆಯಿಂದ 1960ರ ದಶಕದ ಆರಂಭದವರೆಗೆ 10 ಸೆಂಟ್‌ನಲ್ಲಿಯೇ ನಿಂತಿತ್ತು. ಬೆಲೆ ಅಲುಗಾಡದ ಆ ಕಾಲದಲ್ಲಿಯೂ ಓದುಗನ ಪಾಲು ಮಾತ್ರ ಕರಗುತ್ತಲೇ ಹೋಯಿತು. 64 ಪುಟಗಳಿದ್ದ ಸಂಚಿಕೆ 32 ಪುಟಗಳಿಗೆ ಇಳಿದದ್ದು ಅದೇ 10 ಸೆಂಟ್‌ನ ಅವಧಿಯಲ್ಲಿ. ಡಿಸಿ ಎಂಬ ಪ್ರಕಾಶನ ಸಂಸ್ಥೆ 2011ರಿಂದ ತನ್ನ ಮಾಸಿಕಗಳ ಬೆಲೆಯನ್ನು 2.99 ಡಾಲರ್‌ಗೆ ತಡೆಹಿಡಿಯುವುದಾಗಿ ಸಾರಿದಾಗಲೂ ಕಥೆಯ ಪುಟಗಳು 22ರಿಂದ 20ಕ್ಕೆ ಇಳಿದವು. ಆ ತಡೆಯೂ ಉಳಿಯಲಿಲ್ಲ. ಈಗ 3.99 ಮತ್ತು 4.99 ಡಾಲರ್‌ಗಳು ಮಾಮೂಲಿಯಾಗಿವೆ. ಹಿಂದೆ 30 ಡಾಲರ್‌ಗೆ ಹತ್ತು ಸಂಚಿಕೆ ಒಯ್ಯುತ್ತಿದ್ದವನಿಗೆ 4.99ರ ಲೆಕ್ಕದಲ್ಲಿ ಆರು ಮಾತ್ರ ಸಿಗುತ್ತವೆ. ಉಳಿದ ನಾಲ್ಕನ್ನು ಬಿಡುವುದೋ, ಬೇರೆ ದಾರಿಯಲ್ಲಿ ಪಡೆಯುವುದೋ ಎಂಬ ಪ್ರಶ್ನೆ ಬಂದಾಗ ನಾನು ಒಂದೊಂದನ್ನೇ ಪ್ರಯೋಗಿಸಿ ನೋಡಿದೆ. ಈ ಹೋಲಿಕೆ ಹುಟ್ಟಿದ್ದು ಅಲ್ಲಿಂದ.

ಮೊದಲನೆಯದು ಎಲ್ಲ ಸಂಗ್ರಾಹಕರಿಗೂ ರೂಢಿಯಾದ ಬಿಡಿ ಸಂಚಿಕೆ. ಅಂಗಡಿಯವರ ಬಳಿ ಪುಲ್ ಲಿಸ್ಟ್ ಬರೆಸಿಟ್ಟರೆ ಪ್ರತಿ ಸಂಚಿಕೆಯೂ ನಮ್ಮ ಹೆಸರಿನಲ್ಲಿ ಎತ್ತಿಟ್ಟಿರುತ್ತದೆ. ಬಂದ ವಾರವೇ ಓದುವ ಸುಖ, ಓದುಗರ ಪತ್ರಗಳ ಪುಟ, ಮುಂದಿನ ತಿಂಗಳವರೆಗೆ ಕಥೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗುವ ಕಾತರ, ಇವೆಲ್ಲ ಬೇರೆ ಯಾವ ದಾರಿಯಲ್ಲಿಯೂ ಸಿಗುವುದಿಲ್ಲ. ಆದರೆ 4.99 ಡಾಲರ್‌ಗೆ 20 ಪುಟಗಳೆಂದರೆ ಪುಟವೊಂದಕ್ಕೆ ಸುಮಾರು 25 ಸೆಂಟ್. ಮಾತು ಕಡಿಮೆಯಿರುವ ಸಾಹಸದ ಸಂಚಿಕೆಯಾದರೆ ಹತ್ತು ನಿಮಿಷದಲ್ಲಿ ಓದಿ ಮುಗಿಯುತ್ತದೆ. ಬೆಲೆ ಏರಿದ ಮೇಲೆ ನನ್ನಲ್ಲಿ ಮೊದಲು ಸತ್ತದ್ದು ಹೊಸ ಸರಣಿಯ ಒಂದನೆಯ ಸಂಚಿಕೆಯನ್ನು ಸುಮ್ಮನೆ ಎತ್ತಿಕೊಂಡು ನೋಡುವ ಚಪಲ. ಅದರ ಹಿಂದೆಯೇ ವೇರಿಯಂಟ್ ಕವರ್‌ಗಳೂ ಹೋದವು. ಒಳಗಿನ ಕಥೆ ಒಂದೇ ಆಗಿರುವಾಗ ಎರಡನೆಯ ಮುಖಪುಟಕ್ಕೆ ಪೂರ್ತಿ ಬೆಲೆ ತೆರಲು ಕೈ ಬರಲಿಲ್ಲ. ಕೊನೆಯವರೆಗೂ ಉಳಿದದ್ದು ಹಳೆಯ ಸರಣಿಗಳ ಹಂಗು. ನೂರಾರು ಸಂಚಿಕೆಗಳ ಸಾಲಿನಲ್ಲಿ ಒಂದು ಸಂಖ್ಯೆ ತಪ್ಪಬಾರದೆಂಬ ಒಂದೇ ಕಾರಣಕ್ಕೆ, ಓದುವ ಆಸೆಯೇ ಬತ್ತಿದ ಸರಣಿಯನ್ನೂ ಕೊಳ್ಳುತ್ತಿರುವ ಸಂಗ್ರಾಹಕರು ಬಹಳ ಮಂದಿ ಇದ್ದಾರೆ. ಪ್ರಕಾಶಕರು ಎರಡು ಮೂರು ವರ್ಷಕ್ಕೊಮ್ಮೆ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುವುದರಿಂದ ಆ ಹಂಗು ಈಗ ಸಲೀಸಾಗಿ ಕಳಚುತ್ತದೆ. ಹೊಸ ಓದುಗರನ್ನು ಸೆಳೆಯಲು ಹೂಡಿದ ಆ ತಂತ್ರ ಹಳಬರಿಗೆ ಹೊರಹೋಗುವ ಬಾಗಿಲನ್ನೂ ತೆರೆದಿಟ್ಟಿದೆ ಎಂಬುದು ನನ್ನ ಅನಿಸಿಕೆ.

ಎರಡನೆಯದು ಸಂಕಲನ, ಅಂದರೆ ಐದಾರು ಸಂಚಿಕೆಗಳನ್ನು ಒಟ್ಟಿಗೆ ಸೇರಿಸಿದ ಟ್ರೇಡ್ ಪೇಪರ್‌ಬ್ಯಾಕ್. 3.99ರ ಐದು ಬಿಡಿ ಸಂಚಿಕೆಗಳಿಗೆ 19.95 ಡಾಲರ್ ಆಗುತ್ತದೆ. ಅದೇ ಸಂಕಲನ ಹೆಚ್ಚಾಗಿ ಅಷ್ಟಕ್ಕೇ ಅಥವಾ ಒಂದೆರಡು ಡಾಲರ್ ಕಡಿಮೆಗೆ ಸಿಗುತ್ತದೆ, ಪುಸ್ತಕದಂಗಡಿಗಳ ರಿಯಾಯಿತಿ ಬೇರೆ. ಮುಖಬೆಲೆ 3.99 ಇದ್ದಾಗ ಈ ಅಂತರ ಅಲ್ಪವಾಗಿದ್ದುದರಿಂದ ನಾನು ಬಿಡಿ ಸಂಚಿಕೆಯ ಪರವಾಗಿಯೇ ಇದ್ದೆ, 4.99ರ ಆರು ಸಂಚಿಕೆಗಳಿಗೆ 30 ಡಾಲರ್ ಎಂದಾದ ಮೇಲೆ ತಕ್ಕಡಿ ವಾಲಿತು. ಜಾಹೀರಾತುಗಳ ಕಾಟವಿಲ್ಲ, ಪುಸ್ತಕದ ಬೆನ್ನು ಕಪಾಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಬಿಡಿ ಪ್ರತಿಗಳನ್ನು ಜೋಪಾನವಾಗಿಡುವ ಬ್ಯಾಗು, ಬೋರ್ಡು, ಉದ್ದನೆಯ ಪೆಟ್ಟಿಗೆ ಎಂಬ ಪರಿಕರಗಳ ಖರ್ಚೂ ಇಲ್ಲ. ಈ ಪರಿಕರಗಳ ಖರ್ಚನ್ನು ಬೆಲೆಯ ಚರ್ಚೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು.

ಆದರೂ ಸಂಕಲನದಲ್ಲಿ ಎರಡು ಕೊರತೆಗಳಿವೆ. ಚಿತ್ರಕಾರ ಎರಡು ಪುಟಗಳಿಗೆ ಹರಡಿ ಬರೆದ ದೃಶ್ಯದ ನಡುಭಾಗವನ್ನು ಅಂಟಿನ ಬೈಂಡಿಂಗ್ ನುಂಗಿಬಿಡುತ್ತದೆ; ಬಿಡಿ ಸಂಚಿಕೆಯಲ್ಲಿ ಪಿನ್ನಿನ ಮಡಿಕೆಯವರೆಗೂ ಚಪ್ಪಟೆಯಾಗಿ ತೆರೆದುಕೊಳ್ಳುತ್ತಿದ್ದ ಮುಖವೊಂದು ಇಲ್ಲಿ ಮೂಗಿನ ಮೇಲೆಯೇ ಮಡಚಿಹೋಗಿರುವುದನ್ನು ನೋಡಿದ್ದೇನೆ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಅಂಗಡಿಯವರು ಬಿಡಿ ಸಂಚಿಕೆಗಳನ್ನು ಮೊದಲೇ ಎಣಿಸಿ ತರಿಸುತ್ತಾರೆ, ಮಾರಾಟವಾಗದೆ ಉಳಿದದ್ದು ಸಾಮಾನ್ಯವಾಗಿ ಅವರದೇ ತಲೆಗೆ ಬರುತ್ತದೆ. ಹಾಗಾಗಿ ಮುಂಗಡವಾಗಿ ಕೇಳುವವರು ಕಡಿಮೆಯಾದಂತೆ ತರಿಸುವುದೂ ಕಡಿಮೆಯಾಗಿ, ಸಂಕಲನ ಬರಲೆಂದು ಕಾಯುತ್ತಿದ್ದ ಸರಣಿಯೇ ನಡುದಾರಿಯಲ್ಲಿ ನಿಂತುಹೋಗಬಹುದು. ಬೆಲೆ ಏರಿದ್ದರಿಂದ ಓದುಗರು ಕಾಯುತ್ತಾರೆ, ಕಾಯುವುದರಿಂದ ಬಿಡಿ ಮಾರಾಟ ಕುಸಿಯುತ್ತದೆ, ಕುಸಿದ ಮಾರಾಟದ ನಷ್ಟ ತುಂಬಲು ಬೆಲೆ ಮತ್ತೆ ಏರುತ್ತದೆ. ದೊಡ್ಡ ಪ್ರಕಾಶಕರ ಹೆಸರಾಂತ ನಾಯಕರು ಈ ಸುಳಿಯಲ್ಲಿ ಮುಳುಗುವುದಿಲ್ಲ, ಸಣ್ಣ ಪ್ರಕಾಶಕರ ಹೊಸ ಕಥೆಗಳು ಮುಳುಗುತ್ತವೆ.

ಡಿಜಿಟಲ್ ಚಂದಾದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಬರೀ ಓದಿನ ಲೆಕ್ಕದಲ್ಲಿ ಅದಕ್ಕೆ ಎದುರಾಳಿಯೇ ಇಲ್ಲ. ಮಾರ್ವೆಲ್ ಪ್ರಕಾಶಕರ ಚಂದಾ ಸೇವೆಯಾದ ಮಾರ್ವೆಲ್ ಅನ್‌ಲಿಮಿಟೆಡ್‌ನಲ್ಲಿ ಹೊಸ ಸಂಚಿಕೆಗಳು ಸುಮಾರು ಮೂರು ತಿಂಗಳ ನಂತರ ಸೇರುತ್ತವೆ; ಎರಡು ಬಿಡಿ ಸಂಚಿಕೆಗಳ ಬೆಲೆಗೆ ತಿಂಗಳಿಡೀ ಓದಬಹುದಾದಷ್ಟು ಹಳೆಯ ಸರಕು ಸಿಗುತ್ತದೆ. ಸಂಗ್ರಾಹಕನಿಗೆ ಮಾತ್ರ ಅಲ್ಲಿ ಕೈಗೆ ಹತ್ತುವಂಥದ್ದು ಏನೂ ಇಲ್ಲ. ಚಂದಾ ನಿಲ್ಲಿಸಿದ ದಿನ ಕಪಾಟೂ ಮಾಯವಾಗುತ್ತದೆ. ಡಿಜಿಟಲ್ ಕಾಮಿಕ್ಸ್‌ಗೆ ಹೆಸರಾಗಿದ್ದ ಕಾಮಿಕ್ಸಾಲಜಿಯನ್ನು ಅಮೆಜಾನ್ 2014ರಲ್ಲಿ ಕೊಂಡು, ಮುಂದೆ ಕಿಂಡಲ್‌ನೊಳಗೆ ಕರಗಿಸಿದ್ದು, ದುಡ್ಡು ಕೊಟ್ಟು ಕೊಂಡವರ ಕಪಾಟಿನ ರೂಪವೂ ಇನ್ನೊಬ್ಬರ ಕೈಯಲ್ಲಿದೆ ಎಂಬುದನ್ನು ತೋರಿಸಿತು. ನಾನು ಈಗ ಡಿಜಿಟಲ್ಲನ್ನು ಸೋಸುವ ಜರಡಿಯಾಗಿ ಬಳಸುತ್ತೇನೆ: ಅಲ್ಲಿ ಓದಿ, ಎರಡನೆಯ ಸಲ ಓದಬೇಕೆನಿಸಿದ್ದನ್ನು ಮಾತ್ರ ಕಾಗದದಲ್ಲಿ ಕೊಳ್ಳುತ್ತೇನೆ. ಹೀಗೆ ಸೋಸಿ ಉಳಿಯುವುದು ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ.

ನಿಜವಾದ ಸ್ಪರ್ಧೆ ಒಡ್ಡಿದ್ದು ಅಂಗಡಿಯಲ್ಲಿ ಹಳೆಯ ಸಂಚಿಕೆಗಳನ್ನು ತುಂಬಿಟ್ಟು ಅಗ್ಗಕ್ಕೆ ಮಾರುವ ಪೆಟ್ಟಿಗೆ. ಹೊಸ ಸಂಚಿಕೆಯೊಂದರ ದುಡ್ಡಿಗೆ ಅಲ್ಲಿ ನಾಲ್ಕೈದು ಹಳೆಯವು ಬರುತ್ತವೆ, ಅದರಲ್ಲಿಯೂ 1990ರ ದಶಕದ ಆರಂಭದವು ರಾಶಿ ರಾಶಿ. ಮುಂದೆ ಬೆಲೆ ಬಾಳುತ್ತದೆಂದು ಜನ ಪ್ರತಿಗಳನ್ನು ಕಟ್ಟುಗಟ್ಟಲೆ ಕೊಂಡಿಟ್ಟ ಕಾಲ ಅದು, ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಅವಕ್ಕೆ ಬೆಲೆ ಬರಲಿಲ್ಲ. ಇಲ್ಲಿ ಕಣ್ಣು ಚುರುಕಾಗಿರಬೇಕು. ಪ್ರತಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬೆನ್ನಿನ ಉದ್ದಕ್ಕೂ ಬಣ್ಣ ಬಿಟ್ಟ ಬಿಳಿಯ ಗೀರುಗಳು ಕಾಣುತ್ತವೆ. ಪಿನ್ನಿನ ಸುತ್ತ ಕಂದು ಕಲೆಯಿದ್ದರೆ ತುಕ್ಕು ಕಾಗದಕ್ಕೆ ಇಳಿದಿದೆಯೆಂದೇ ಅರ್ಥ. ನಡುವಿನ ಹಾಳೆ ಪಿನ್ನಿನಿಂದ ಕಳಚಿದೆಯೇ ಎಂಬುದನ್ನು ತೆರೆದೇ ನೋಡಬೇಕು. ಈ ಪರೀಕ್ಷೆಗೆ ಬೇಕಾದ ಹೊತ್ತು, ಬೇಕಾದ ಸಂಖ್ಯೆ ಸಿಗದೆ ಬರಿಗೈಯಲ್ಲಿ ಏಳುವ ಸಂಭವ, ಇವೂ ಬೆಲೆಯ ಭಾಗವೇ. ನನಗೆ ಆ ಬೆಲೆ ಭಾರವೆನಿಸಲಿಲ್ಲ, ಏಕೆಂದರೆ ಹುಡುಕಿ ಪಡೆಯುವ ಖುಷಿ ಪುಲ್ ಲಿಸ್ಟಿನಲ್ಲಿ ಎಂದೋ ಸತ್ತುಹೋಗಿತ್ತು.

ಸಿಜಿಸಿಯಂಥ ಸಂಸ್ಥೆಗಳು ದರ್ಜೆ ನೀಡಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುವ ಪ್ರತಿಗಳನ್ನೂ ಕೊಂಡು ನೋಡಿದ್ದೇನೆ. ತೆರೆದು ಓದಲಾಗದ ಕಾಮಿಕ್ಸ್ ನನಗೆ ಹಿಡಿಸಲಿಲ್ಲ. ಬಹಳ ದುಬಾರಿಯಾದ ಹಳೆಯ ಸಂಚಿಕೆಯಲ್ಲಿ ರಿಪೇರಿ ನಡೆದಿದೆಯೇ ಎಂಬ ಅನುಮಾನ ಪರಿಹರಿಸಿಕೊಳ್ಳಲು ಮಾತ್ರ ಆ ಖರ್ಚು ಸರಿ.

ಇಷ್ಟನ್ನೆಲ್ಲ ಪ್ರಯೋಗಿಸಿದ ಮೇಲೂ ನನ್ನ ತಿಂಗಳ ಖರ್ಚು ಹೆಚ್ಚೇನೂ ಇಳಿದಿಲ್ಲ, ಹಂಚಿಕೆ ಮಾತ್ರ ತಲೆಕೆಳಗಾಗಿದೆ. ಮೊದಲು ಓದುವುದು ಮತ್ತು ಇಟ್ಟುಕೊಳ್ಳುವುದು ಎರಡೂ ಒಂದೇ ಖರೀದಿಯಲ್ಲಿ ಮುಗಿಯುತ್ತಿದ್ದವು. ಈಗ ಓದು ಚಂದಾಕ್ಕೆ ಹೋಯಿತು, ಮತ್ತೆ ಓದುವಂಥದ್ದು ಸಂಕಲನಕ್ಕೆ, ಸಂಗ್ರಹದ ಆಸೆ ಹಳೆಯ ಪೆಟ್ಟಿಗೆಗೆ. ಪುಲ್ ಲಿಸ್ಟಿನಲ್ಲಿ ಉಳಿಸಿಕೊಂಡಿರುವುದು ಸಣ್ಣ ಪ್ರಕಾಶಕರ ಕೆಲವೇ ಸರಣಿಗಳನ್ನು, ಅದೂ ಮುಂಗಡವಾಗಿ ಕೇಳುವವರಿಲ್ಲದಿದ್ದರೆ ಅವುಗಳ ಆರನೆಯ ಸಂಚಿಕೆ ಅಚ್ಚಾಗುವುದೇ ಅನುಮಾನ ಎಂಬ ಕಾರಣಕ್ಕೆ. ಅವಕ್ಕೂ 4.99 ಡಾಲರ್ ಮುಖಬೆಲೆಯೇ ಇದೆ, ಅದನ್ನು ತಕರಾರಿಲ್ಲದೆ ಕೊಡುತ್ತಿದ್ದೇನೆ.