ಮಾಸ್ಟರಿಂಗ್ ಲಿಮಿಟರ್‌ಗಳು: ಪ್ರೊ-ಎಲ್ 2, ಎಲ್2, ಲೌಡ್‌ಮ್ಯಾಕ್ಸ್

ಲಿಮಿಟರ್ ಎಂದರೆ ಧ್ವನಿ ನಿಗದಿತ ಮಟ್ಟ ದಾಟದಂತೆ ತಡೆಯುವ ಪ್ಲಗಿನ್, ಮಾಸ್ಟರಿಂಗ್‌ನಲ್ಲಿ, ಅಂದರೆ ಹಾಡಿಗೆ ಅಂತಿಮ ಹದ ಕೊಡುವಾಗ ಬಳಸುತ್ತೇವೆ. ಲಿಮಿಟರ್‌ಗಳನ್ನು ಹೋಲಿಸುವ ಮೊದಲು ಎಲ್ಲದರ ಔಟ್‌ಪುಟ್ ಮಟ್ಟವನ್ನು ಸಮ ಮಾಡಿಕೊಳ್ಳಿ. 1 ಡಿಬಿ ಜೋರಾಗಿದ್ದರೂ ಸಾಕು, ಕಿವಿಗೆ ಅದೇ ಚೆಂದ ಎನಿಸಿಬಿಡುತ್ತದೆ.

ಫ್ಯಾಬ್‌ಫಿಲ್ಟರ್ ಪ್ರೊ-ಎಲ್ 2ರಲ್ಲಿ ಎಂಟು ಅಲ್ಗಾರಿದಮ್‌ಗಳಿವೆ, ಅಂದರೆ ಧ್ವನಿ ತಗ್ಗಿಸುವ ಎಂಟು ಬಗೆಗಳು. ಹೆಚ್ಚಿನ ಹಾಡುಗಳಿಗೆ 'ಮಾಡರ್ನ್' ಸಾಕು. ಮೃದುವಾದ ಅಕೌಸ್ಟಿಕ್ ಸಂಗೀತಕ್ಕೆ 'ಸೇಫ್' ಹಾಕಿ ನೋಡಿ. ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆ ಏಳುವ ಪೀಕ್‌ಗಳನ್ನೂ ಹಿಡಿಯುವುದು), 32 ಪಟ್ಟಿನವರೆಗಿನ ಓವರ್‌ಸ್ಯಾಂಪ್ಲಿಂಗ್ (ಹೆಚ್ಚು ಸ್ಯಾಂಪಲ್‌ಗಳಲ್ಲಿ ಲೆಕ್ಕ ಹಾಕುವುದು), ಲೌಡ್‌ನೆಸ್ ಮೀಟರ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. 4 ಪಟ್ಟು ಓವರ್‌ಸ್ಯಾಂಪ್ಲಿಂಗ್ ಬಹುತೇಕ ಸಾಕಾಗುತ್ತದೆ, ಅದಕ್ಕಿಂತ ಮೇಲೆ ಸಿಪಿಯುಗೆ ಬರೀ ಹೊರೆ.

ಬೇಸ್ ಒಡೆದಂತೆ ಕೇಳಿದರೆ ಮೊದಲು ರಿಲೀಸ್ ನೋಡಿ, ಅಂದರೆ ತಗ್ಗಿಸಿದ ಧ್ವನಿ ಮೊದಲಿನ ಮಟ್ಟಕ್ಕೆ ಮರಳಲು ತೆಗೆದುಕೊಳ್ಳುವ ಸಮಯ. 50 ಹರ್ಟ್ಸ್‌ನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕಿಂತ ಚುರುಕಾಗಿದ್ದರೆ ಲಿಮಿಟರ್ ಅಲೆಯ ಆಕಾರವನ್ನೇ ಹಿಂಬಾಲಿಸಿ ಡಿಸ್ಟಾರ್ಷನ್ ಹುಟ್ಟಿಸುತ್ತದೆ. ತೀರಾ ನಿಧಾನವಾಯಿತೋ, ಪ್ರತಿ ಕಿಕ್ ಡ್ರಮ್ ಏಟಿನ ನಂತರ ಇಡೀ ಹಾಡು ಕುಗ್ಗಿ ಏಳುತ್ತದೆ.

ವೇವ್ಸ್ ಎಲ್2 ಹಳೆಯದು. ಅದರ ಎಆರ್‌ಸಿ ಎಂಬ ಸೌಲಭ್ಯ ರಿಲೀಸನ್ನು ತಾನೇ ಹೊಂದಿಸುತ್ತದೆ, 2-3 ಡಿಬಿ ತಗ್ಗಿಸುವ ಮಟ್ಟಿಗೆ ಇಂದಿಗೂ ಸೊಗಸು. ಆದರೆ ಟ್ರೂ ಪೀಕ್ ಇಲ್ಲ. ಎಂಪಿ3ಗೆ ಬದಲಿಸುವಾಗ ಪೀಕ್‌ಗಳು 0 ಡಿಬಿ ದಾಟಬಹುದು, ಸೀಲಿಂಗನ್ನು (ಔಟ್‌ಪುಟ್‌ನ ಗರಿಷ್ಠ ಮಿತಿ) ಕೆಳಗಿಟ್ಟು ಪ್ರತ್ಯೇಕ ಮೀಟರ್‌ನಲ್ಲಿ ಪರೀಕ್ಷಿಸಿ.

ಲೌಡ್‌ಮ್ಯಾಕ್ಸ್ ಉಚಿತ. ಥ್ರೆಶೋಲ್ಡ್ (ತಗ್ಗಿಸಲು ಶುರುಮಾಡುವ ಮಟ್ಟ) ಮತ್ತು ಔಟ್‌ಪುಟ್, ಮುಖ್ಯವಾಗಿ ಇವೆರಡೇ ಸ್ಲೈಡರ್. ಕಲಿಯುವವರಿಗೆ ಇದನ್ನೇ ಮೊದಲು ಹೇಳುತ್ತೇನೆ.

ಸ್ಪಾಟಿಫೈ ಹಾಡುಗಳ ಜೋರನ್ನು ಸಾಮಾನ್ಯವಾಗಿ −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಹೊಂದಿಸುತ್ತದೆ. ಅದಕ್ಕಿಂತ ಜೋರಾದ ಮಾಸ್ಟರ್‌ಗೆ ಟ್ರೂ ಪೀಕ್ −2 ಡಿಬಿಯೊಳಗಿರಲಿ, ಉಳಿದದ್ದಕ್ಕೆ −1. ಯಾವುದೇ ಲಿಮಿಟರ್‌ನಲ್ಲಿ ಸತತ 6 ಡಿಬಿ ತಗ್ಗುತ್ತಿದ್ದರೆ ಮಿಕ್ಸ್‌ಗೆ ಮರಳಿ ಸ್ನೇರ್, ಕಿಕ್ ತಗ್ಗಿಸಿ.