ಡೆನ್ವರ್‌ನ ಅಂಗಳದಲ್ಲಿ ಮೂರು ಕಳ್ಳಿಗಳು

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನ ಪಶ್ಚಿಮಕ್ಕೆ, ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಆರು ವರ್ಷಗಳಿಂದ ಮೂರು ಬಗೆಯ ಯುಫೋರ್ಬಿಯಾಗಳೊಡನೆ, ಅಂದರೆ ಕಳ್ಳಿಯ ಕುಲದ ಗಿಡಗಳೊಡನೆ, ಏಗಿದ್ದೇನೆ. ಅವುಗಳಲ್ಲಿ ಒಂದನ್ನು ಬೆಳೆಸಿದ್ದಕ್ಕಿಂತ ಕಿತ್ತದ್ದೇ ಹೆಚ್ಚು. ಮತ್ತೊಮ್ಮೆ ಹಣ ಕೊಟ್ಟು ತರುವುದಾದರೆ, ನರ್ಸರಿಗಳಲ್ಲಿ ಕುಶನ್ ಸ್ಪರ್ಜ್ ಎಂಬ ಹೆಸರಿನಲ್ಲಿ ಸಿಗುವ ಯುಫೋರ್ಬಿಯಾ ಪಾಲಿಕ್ರೋಮಾವನ್ನೇ ತರುತ್ತೇನೆ, ಅದೂ ಸಾದಾ ಹಸಿರು ಎಲೆಯದನ್ನು.

ನಮ್ಮೂರ ಹೊಲದ ಬೇಲಿಯ ಕಳ್ಳಿಯ ಕುಲಕ್ಕೇ ಸೇರಿದ್ದಾದರೂ ಇದಕ್ಕೆ ಮುಳ್ಳಿಲ್ಲ. ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿ, ಏಪ್ರಿಲ್‌ನಲ್ಲಿ ಬುಡದಿಂದ ಹೊಸ ಚಿಗುರು ಎದ್ದು, ತಿಂಗಳೊಳಗೆ ಬುಟ್ಟಿ ಮಗುಚಿ ಹಾಕಿದಂತೆ ಒಂದಡಿ ಎತ್ತರದ ಗುಂಡು ಪೊದೆಯಾಗುತ್ತದೆ. ಅದರ ತುಂಬ ನಿಂಬೆಹಣ್ಣಿನ ಬಣ್ಣ. ಹೂವೆಂದು ನಾವು ನೋಡುವುದು ನಿಜವಾಗಿ ಎಲೆಯ ರೂಪಾಂತರ. ಕಾಗದದ ಹೂವಿನ ಗಿಡದಲ್ಲಿರುವಂತೆ ಇಲ್ಲಿಯೂ ಅಸಲು ಹೂವು ನಡುವೆ ಕಾಳಿನಷ್ಟು ಚಿಕ್ಕದಾಗಿ ಕುಳಿತಿರುತ್ತದೆ. ಮೇ ಮೊದಲ ವಾರದಲ್ಲಿ ಬಿದ್ದ ಒದ್ದೆ ಹಿಮ ಒಂದು ವರ್ಷ ಪೊದೆಯನ್ನು ರೊಟ್ಟಿಯಂತೆ ತಟ್ಟಿಬಿಟ್ಟಿತ್ತು. ಹಿಮ ಕರಗಿದ ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡು ಕಾಂಡಗಳನ್ನುಳಿದು ಎಲ್ಲವೂ ಎದ್ದು ನಿಂತಿದ್ದವು.

ಇದೇ ಜಾತಿಯ ‘ಬಾನ್‌ಫೈರ್’ ಎಂಬ ತಳಿಯ ಎಲೆ ದಟ್ಟ ಕೆಂಪು, ಅದರ ಮೇಲೆ ಹಳದಿ ಮೂಡಿದಾಗ ಕಣ್ಣು ಕೀಳಲಾಗದು. ಬೆಲೆ ಸಾದಾ ಗಿಡದ ಇಮ್ಮಡಿ. ನಾನು ತಂದ ಎರಡರಲ್ಲಿ ಒಂದು ಮೊದಲ ಚಳಿಗಾಲಕ್ಕೇ ಕೊಳೆಯಿತು. ಅಂಟು ಮಣ್ಣಿನಲ್ಲಿ, ಚಾವಣಿಯ ನೀರು ಇಳಿಯುವ ಜಾಗದಲ್ಲಿ ನೆಟ್ಟದ್ದು ನನ್ನದೇ ತಪ್ಪು. ಈ ಗಿಡಗಳು ಚಳಿಯನ್ನು ತಡೆಯುತ್ತವೆ, ಬೇರಿನಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಬೀಜದಿಂದ ಬಂದ ಸಸಿಗಳು ತಾಯಿಯ ಬಣ್ಣವನ್ನು ಉಳಿಸಿಕೊಳ್ಳುವ ಭರವಸೆಯಿಲ್ಲವಾದ್ದರಿಂದ, ಸತ್ತದ್ದರ ಬದಲಿಗೆ ಮತ್ತೆ ಅಂಗಡಿಗೇ ಹೋಗಬೇಕು.

ಮೂರನೆಯದು ಮರ್ಟಲ್ ಸ್ಪರ್ಜ್, ಅಂದರೆ ಯುಫೋರ್ಬಿಯಾ ಮಿರ್ಸಿನೈಟೀಸ್. ಇದನ್ನು ನಾನು ಕೊಳ್ಳಲಿಲ್ಲ, ಮನೆಯ ಹಿಂದಿನ ಇಳಿಜಾರಿನಲ್ಲಿ ಮೊದಲೇ ಇತ್ತು. ನೀಲಿ ಬೂದು ಬಣ್ಣದ ದಪ್ಪ ಎಲೆಗಳು ಸುರುಳಿಯಾಗಿ ಹೆಣೆದುಕೊಂಡ ಕಾಂಡಗಳು ಕಲ್ಲಿನ ಮೇಲೆ ಚೆಲ್ಲಿಕೊಂಡಿರುವುದನ್ನು ಕಂಡು, ನೀರು ಕೇಳದ ಇಂಥ ಗಿಡ ಪುಕ್ಕಟೆಯಾಗಿ ಸಿಕ್ಕಿತಲ್ಲ ಎಂದು ಹಿಗ್ಗಿದ್ದೆ. ಕೊಲರಾಡೊ ರಾಜ್ಯದ ಹಾನಿಕಾರಕ ಕಳೆಗಳ ‘ಎ’ ಪಟ್ಟಿಯಲ್ಲಿ ಇದರ ಹೆಸರಿದೆ, ಅಂದರೆ ಜಮೀನಿನ ಒಡೆಯರೇ ಇದನ್ನು ನಿರ್ಮೂಲ ಮಾಡಬೇಕು ಎಂಬುದು ಗೊತ್ತಾದದ್ದು ಎರಡನೆಯ ವರ್ಷ, ನರ್ಸರಿಯಲ್ಲಿ ಇದರ ಜೊತೆಗೆ ಏನು ಹೊಂದುತ್ತದೆ ಎಂದು ನಾನು ವಿಚಾರಿಸಿದಾಗ.

ಕೀಳುವುದು ಒಂದು ಭಾನುವಾರದ ಕೆಲಸವೆಂದುಕೊಂಡಿದ್ದೆ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಆದ್ದರಿಂದ ಕನಿಷ್ಠ ನಾಲ್ಕು ಅಂಗುಲ ಕೆಳಗೆ ಗುದ್ದಲಿ ಹೋಗಬೇಕು. ಕಾಂಡ ಮುರಿದೊಡನೆ ಬಿಳಿಯ ಹಾಲು ಒಸರುತ್ತದೆ. ಕಳ್ಳಿ ಹಾಲು ಕಣ್ಣಿಗೆ ತಾಗೀತು ಎಂದು ಅಜ್ಜಿ ಹೇಳುತ್ತಿದ್ದ ಮಾತನ್ನು ಬಾಲ್ಯದಲ್ಲಿ ನೂರು ಸಲ ಕೇಳಿದ್ದರೂ, ಮೊಣಕೈವರೆಗಿನ ಕೈಗವಸು ಹಾಕಿಕೊಂಡ ಧೈರ್ಯದಲ್ಲಿ ಹಣೆಯ ಬೆವರನ್ನು ಅದೇ ಕೈಗವಸಿನಿಂದ ಒರೆಸಿಕೊಂಡೆ. ಸಂಜೆಯ ಹೊತ್ತಿಗೆ ಹುಬ್ಬಿನ ಮೇಲೆ ಬೊಬ್ಬೆಗಳೆದ್ದವು, ರೆಪ್ಪೆ ಊದಿ ಎಡಗಣ್ಣು ಮುಚ್ಚಿಕೊಂಡಿತು. ಬರೀ ನೀರಿಗೆ ಆ ಹಾಲು ಹೋಗುವುದಿಲ್ಲ, ಸೋಪು ಹಾಕಿ ತೊಳೆಯಬೇಕು. ಕಣ್ಣಿಗೇ ಹೋದರೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಓಡಬೇಕು. ಕಿತ್ತ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕುವಂತಿಲ್ಲವಾದ್ದರಿಂದ ಹದಿನಾಲ್ಕು ಚೀಲಗಳಲ್ಲಿ ಕಟ್ಟಿ ಕಸಕ್ಕೆ ಸಾಗಿಸಿದೆ. ಅಲ್ಲಿಗೂ ಮುಗಿಯಲಿಲ್ಲ. ಬೀಜಕೋಶ ಒಣಗಿ ಸಿಡಿದಾಗ ಬೀಜ ಹದಿನೈದು ಅಡಿ ದೂರದವರೆಗೂ ಹಾರಬಲ್ಲದು, ಮಣ್ಣಿನಲ್ಲಿ ಎಂಟು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಪುಕ್ಕಟೆ ಗಿಡಕ್ಕೆ ನಾನು ತೆತ್ತ ಭಾನುವಾರಗಳ ಲೆಕ್ಕವನ್ನು ಮನೆಯವರು ಇಟ್ಟಿದ್ದಾರೆ.

ಹಾಲು ಕುಶನ್ ಸ್ಪರ್ಜ್‌ನಲ್ಲಿಯೂ ಇದೆ, ಕೈಗವಸು ಅದಕ್ಕೂ ಬೇಕು. ಜಿಂಕೆಗಳು ಮೂರನ್ನೂ ಮುಟ್ಟುವುದಿಲ್ಲ. ಆದರೆ ನಾನು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವವಳು, ಒಂದು ಗಿಡಕ್ಕೆ ಹನ್ನೆರಡು ಡಾಲರಿಗಿಂತ ಹೆಚ್ಚು ಕೊಡಲು ಮನಸ್ಸು ಬಾರದವಳು. ಸಾದಾ ಹಸಿರಿನದು ಹೂವು ಮುಗಿದ ಮೇಲೆ ಒಮ್ಮೆ, ಜೂನ್‌ನಲ್ಲಿ, ಮೂರನೆಯ ಒಂದು ಭಾಗ ಕತ್ತರಿಸಿದರೆ ಸಾಕು: ಬೀಜ ಉದುರದು, ನಡುವೆ ಪೊದೆ ಬಾಯಿ ಬಿಡದು. ಗೊಬ್ಬರ ಹಾಕಿದರೆ ಸೊಕ್ಕಿ ಅಡ್ಡ ಬೀಳುತ್ತದೆ, ಹಾಕದಿರುವುದೇ ಮೇಲು. ಅಕ್ಟೋಬರ್‌ನಲ್ಲಿ ಎಲೆಗಳು ತಾವಾಗಿಯೇ ಕೆಂಪಾಗುವುದರಿಂದ ಬಾನ್‌ಫೈರ್‌ನ ಬಣ್ಣವೂ ಕೆಲವು ವಾರ ಸಿಕ್ಕಂತೆಯೇ. ಬೇರು ಕೆದಕಿ ಜಾಗ ಬದಲಿಸುವುದನ್ನು ಮಾತ್ರ ಇದು ಸಹಿಸುವುದಿಲ್ಲ, ಆದ್ದರಿಂದ ಮೊದಲೇ ಬಿಸಿಲೂ ಇಳಿಜಾರೂ ಇರುವ ಜಾಗ ನೋಡಿ ನೆಡಬೇಕು.

ಹಾಗೆ ನೋಡಿ ಈ ವರ್ಷ ಇನ್ನೂ ಮೂರನ್ನು ನೆಟ್ಟದ್ದು ಮರ್ಟಲ್ ಸ್ಪರ್ಜ್ ಇದ್ದ ಅದೇ ಇಳಿಜಾರಿನಲ್ಲಿ. ಕಲ್ಲುಗಳ ಸಂದಿಯಿಂದ ಈ ಏಪ್ರಿಲ್‌ನಲ್ಲಿಯೂ ಹನ್ನೊಂದು ನೀಲಿ ಸಸಿಗಳನ್ನು ಕಿತ್ತಿದ್ದೇನೆ.