ಗ್ಯಾಸ್ ಫರ್ನೇಸ್ ಬಿಟ್ಟು ಹೀಟ್ ಪಂಪ್: ಕೆಲವು ಚಳಿಗಾಲ ಬಳಸಿದ ಮೇಲೆ

ಮೊದಲು ಗೊತ್ತಾಗುವ ವ್ಯತ್ಯಾಸ ಬಿಲ್ಲಿನದ್ದಲ್ಲ, ಗಾಳಿಯದ್ದು. ಹಳೆ ಫರ್ನೇಸಿನ, ಅಂದರೆ ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಯಂತ್ರದ, ಗಾಳಿ 50 ಡಿಗ್ರಿ ದಾಟಿ ಬರುತ್ತಿತ್ತು, ಸ್ವಲ್ಪ ಹೊತ್ತು ಜೋರಾಗಿ ಉರಿದು ಆರಿಹೋಗುತ್ತಿತ್ತು. ಅದೇ ಕೆಲಸವನ್ನು ಕರೆಂಟಿನಲ್ಲಿ ಮಾಡುವ ಹೀಟ್ ಪಂಪಿನದ್ದು ಸಾಮಾನ್ಯವಾಗಿ 35-40 ಡಿಗ್ರಿ. ಕೈ ಒಡ್ಡಿದರೆ ಇದೇನು ಬೆಚ್ಚಗೇ ಇಲ್ಲವಲ್ಲ ಅನ್ನಿಸುತ್ತದೆ. ಆದರೆ ಅದು ನಿಲ್ಲದೆ ಸಣ್ಣಗೆ ಓಡುತ್ತಲೇ ಇರುತ್ತದೆ, ಹಾಗಾಗಿ ಒಮ್ಮೆ ಸೆಕೆ ಒಮ್ಮೆ ಚಳಿ ಅನ್ನೋ ಕಾಟ ಇಲ್ಲ. ಹೊರಗಿಂದ ಬಂದ ಕೂಡಲೇ ಬಿಸಿ ಗಾಳಿಗೆ ಮೈಯೊಡ್ಡಿ ನಿಲ್ಲುವವರಿಗೆ ಇದು ಹಿಡಿಸಲ್ಲ, ಬಿಡಿ.

ಈಗ ಖರ್ಚು. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನೇ ಎಳೆದು ಒಳಗೆ ತರುತ್ತದೆ. ಅದಕ್ಕೇ ಸಾಧಾರಣ ಚಳಿಯಲ್ಲಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ, ಮೈನಸ್ 10ರ ಹತ್ತಿರ ಹೋದರೆ 2ರ ಆಸುಪಾಸು. ಒಳ್ಳೆಯ ಗ್ಯಾಸ್ ಫರ್ನೇಸ್ ಗ್ಯಾಸಿನಲ್ಲಿರುವ ಶಾಖದಲ್ಲಿ 100ಕ್ಕೆ 95ರಷ್ಟು ಕೊಡುತ್ತದೆ. ಹಾಗಂತ ಹೀಟ್ ಪಂಪೇ ಅಗ್ಗ ಅಂದುಕೊಳ್ಳಬೇಡಿ! 1 ಥರ್ಮ್ (ಗ್ಯಾಸ್ ಬಿಲ್ಲಿನ ಅಳತೆ) ಗ್ಯಾಸ್ ಅಂದರೆ ಕರೆಂಟಿನ ಲೆಕ್ಕದಲ್ಲಿ 29.3 ಯೂನಿಟ್. ಒಂದು ಥರ್ಮ್ ಗ್ಯಾಸಿನ ದರವನ್ನು ಇದರಿಂದ ಭಾಗಿಸಿ ಕರೆಂಟ್ ದರದ ಪಕ್ಕ ಇಡಿ. ಕರೆಂಟ್ ಸುಮಾರು ಮೂರು ಪಟ್ಟಿಗಿಂತ ದುಬಾರಿಯಾಗಿದ್ದರೆ ಗ್ಯಾಸೇ ಗೆಲ್ಲುತ್ತದೆ, ಮಾರುವವರು ಏನೇ ಹೇಳಲಿ.

ಬಿಲ್ ಕೆಡಿಸುವ ಇನ್ನೊಂದು ಕಳ್ಳ ಇದೆ: ಪಂಪಿಗೆ ಸಾಲದಾದಾಗ ಕೈಹಿಡಿಯಲು ಒಳಗಿರುವ ಎಲೆಕ್ಟ್ರಿಕ್ ಸ್ಟ್ರಿಪ್ ಹೀಟರ್, ಅಂದರೆ ಕರೆಂಟಿನಿಂದ ಕಾಯುವ ಸುರುಳಿ. ಫರ್ನೇಸ್ ಇದ್ದಾಗ ರಾತ್ರಿ ಥರ್ಮೋಸ್ಟಾಟ್ (ಮನೆಯ ಬಿಸಿ ಎಷ್ಟಿರಬೇಕೆಂದು ಹೇಳುವ ಗುಂಡಿ) ಇಳಿಸಿ ಬೆಳಿಗ್ಗೆ ಏರಿಸಿದರೆ ಉಳಿತಾಯ. ಇಲ್ಲಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಪಂಪಿಗೆ ಅಷ್ಟು ಬೇಗ ಆಗುವುದಿಲ್ಲ, ಸ್ಟ್ರಿಪ್ ಹೀಟರ್ ಶುರುವಾಗುತ್ತದೆ, ಅದು ತಿಂದಷ್ಟೇ ಕೊಡುತ್ತದೆ, ಒಂದಕ್ಕೆ ಒಂದು. ಹಗಲೂ ರಾತ್ರಿ ಒಂದೇ ಡಿಗ್ರಿ ಇಟ್ಟು ಸುಮ್ನೆ ಬಿಟ್ಟುಬಿಡುವುದೇ ವಾಸಿ.

ಚಳಿ ಜೊತೆ ತೇವ ಇದ್ದ ದಿನ ಹೊರಗಿನ ಯೂನಿಟ್ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಕರಗಿಸಲು ಕೆಲವು ನಿಮಿಷ ಉಲ್ಟಾ ಓಡುತ್ತದೆ, ಹಬೆ ಏಳುತ್ತದೆ, ಒಂಥರಾ ಗುಸುಗುಸು ಸದ್ದು. ಕೆಟ್ಟಿಲ್ಲ, ಗಾಬರಿ ಬೇಡ. ಸದ್ದು ಮಾತ್ರ ನನಗೆ ಈಗಲೂ ಕಿರಿಕಿರಿಯೇ.

ಬೇಸಿಗೆಯಲ್ಲಿ ಇದೇ ಏಸಿ ಆಗುತ್ತದೆ. ಮನೆಯೊಳಗೆ ಉರಿ ಇಲ್ಲ, ಅಂದರೆ ಫರ್ನೇಸಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೋರುವ ಭಯವೂ ಇಲ್ಲ. ಆದರೆ ಕಿಟಕಿ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಮನೆ, ಕಿರಿದಾದ ಹಳೇ ಡಕ್ಟ್ (ಗಾಳಿ ಸಾಗುವ ಕೊಳವೆ) ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಫರ್ನೇಸ್ ಇನ್ನೂ ಗಟ್ಟಿಮುಟ್ಟಾಗಿದ್ದರೆ ಕೀಳಿಸುವುದೂ ಬೇಡ. ಏಸಿ ಕೆಟ್ಟಾಗ ಅದರ ಜಾಗಕ್ಕೆ ಹೀಟ್ ಪಂಪ್ ಹಾಕಿಸಿ, ತೀರಾ ಕೊರೆಯುವ ದಿನಗಳಿಗೆ ಮಾತ್ರ ಗ್ಯಾಸ್ ಉರಿಯುವಂತೆ ಸೆಟ್ ಮಾಡಿಸಬಹುದು.